ಎಲ್ಲ ಕಪ್‌ಗಳೂ ಹಾಡತೊಡಗಿದಾಗ

ಪಿಂಗಾಣಿ ಕಾರ್ಖಾನೆಯಲ್ಲಿ ಎಲ್ಲರಿಗೂ ಅವಳು ಕಿವಿಯಕ್ಕ. ಭಟ್ಟಿಯಿಂದ ಇಳಿದ ಒಂದೊಂದು ಕಪ್ಪನ್ನೂ ಎಡ ಅಂಗೈ ಮೇಲೆ ಕೂರಿಸಿ, ಪುಟ್ಟ ಮರದ ಕೋಲಿನಿಂದ ಅಂಚಿಗೆ ತಟ್ಟಿ ನೋಡುವುದು ಅವಳ ಕೆಲಸ. ಠಣ್ಣೆಂದು ನಾದ ಎಳೆದರೆ ಗಟ್ಟಿ; ಠಪ್ಪೆಂದು ಸತ್ತರೆ ಕಣ್ಣಿಗೆ ಕಾಣದ ಬಿರುಕು. ಇಪ್ಪತ್ತೆರಡು ವರ್ಷ ಆ ಕಿವಿ ಸುಳ್ಳು ಹೇಳಿರಲಿಲ್ಲ.

ಮೂರು ವಾರದ ಹಿಂದೆ ಬಟ್ಟೆ ಮಡಿಸುತ್ತಾ ಕೂತಿದ್ದಾಗ ಸಣ್ಣಗೆ ಗುಂಯ್ ಎಂದು ಶುರುವಾಯಿತು. ಫ್ರಿಜ್ ಇರಬೇಕೆಂದು ಪ್ಲಗ್ ಕಿತ್ತಳು. ನಿಲ್ಲಲಿಲ್ಲ.

"ಅತ್ತೇ, ಏನೋ ಗುಂಯ್ ಅಂತಿದೆಯಲ್ಲಾ, ನಿಮಗೆ ಕೇಳಿಸ್ತಿದೆಯಾ?"

"ನೀನು ಕೂಗಿದ್ದೇ ಅರ್ಧ ಕೇಳಿಸಲ್ಲ ನನಗೆ," ಅಂದರು ಅತ್ತೆ. "ನಿನಗೆ ಇಲ್ಲದ್ದೂ ಕೇಳಿಸುತ್ತೆ. ಪುಣ್ಯವಂತೆ ಕಣೇ."

ಡಾಕ್ಟರು ಕಿವಿಯೊಳಗೆ ಬೆಳಕು ಬಿಟ್ಟು ನೋಡಿದರು. ಹೆದರುವಂಥದ್ದಿಲ್ಲ, ಆದರೆ ಹೋಗೇ ಹೋಗುತ್ತದೆಂದು ಮಾತು ಕೊಡಲಾರೆ ಅಂದರು. ಅದರ ಜತೆ ಜಗಳಕ್ಕಿಳಿಯಬೇಡಿ, ತೀರಾ ನಿಶ್ಶಬ್ದದಲ್ಲಿ ಕೂರಬೇಡಿ, ಪಕ್ಕದಲ್ಲಿ ಮೆಲ್ಲಗೆ ಏನಾದರೂ ಸದ್ದಿರಲಿ ಅಂದರು. ಇಡೀ ಕಾರ್ಖಾನೆಯಲ್ಲಿ ಸದ್ದಿಲ್ಲದ ಕೋಣೆ ಒಂದೇ, ಅದು ತನ್ನದೇ ಎಂದು ಅವಳು ಹೇಳಲಿಲ್ಲ. ಹೇಳುವಷ್ಟು ತ್ರಾಣವೂ ಇರಲಿಲ್ಲ. ನಿದ್ದೆ ಕಂಡು ದಿನಗಳಾಗಿದ್ದವು.

ಸೋಮವಾರ ಅಂಗಡಿಯೊಂದರಿಂದ ಪೆಟ್ಟಿಗೆ ವಾಪಸ್ ಬಂತು. ಏಳು ಕಪ್ ಒಡಕು. ಚಹಾ ಹೊಯ್ದ ಕೂಡಲೇ ಜಿನುಗಿದವಂತೆ. ಮೇಸ್ತ್ರಿ ನೇರ ಪ್ಯಾಕಿಂಗ್‌ನವಳ ಮೇಜಿಗೆ ಹೋದ.

"ಪೆಟ್ಟಿಗೆ ಎತ್ತಿ ಕುಕ್ಕಿದ್ದೀಯ."

"ಇಲ್ಲಣ್ಣಾ, ಹಸುಗೂಸಿನ ಹಾಗೆ ಸುತ್ತಿ ಇಟ್ಟಿದ್ದೆ."

"ಹಾಗಾದ್ರೆ ಕಿವಿಯಕ್ಕನ ತಪ್ಪಾ? ಯಾರ ಮುಂದೆ ಹೇಳ್ತೀಯ! ನಾಳೆಯಿಂದ ಬರಬೇಡ."

ಪ್ಯಾಕಿಂಗ್‌ನವಳು ಮೇಜಿನ ಮೇಲಿನ ಕಾಗದಗಳನ್ನು ಒಟ್ಟುಮಾಡತೊಡಗಿದಳು. ಒಂಬತ್ತು ವರ್ಷ ಒಟ್ಟಿಗೆ ಕೂತು ಉಂಡವಳು, ಕಿವಿಯಕ್ಕನ ಕಡೆ ತಿರುಗಿಯೂ ನೋಡಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಕಿವಿಯಕ್ಕ ಬಾಗಿಲಲ್ಲೇ ನಿಂತಿದ್ದಳು. ಬಾಯಿ ಬಿಟ್ಟರೆ ಆ ಕೋಲು ಇನ್ನು ತನ್ನದಲ್ಲ. ಕೋಲು ಹೋದ ಮೇಲೆ ತಾನು ಯಾರು? ಯೋಚಿಸಿ ಯೋಚಿಸಿ ಸುಸ್ತಾಗಿತ್ತು. ಮೆಲ್ಲಗೆ ಬಂದು, ವಾಪಸ್ ಬಂದ ಕಪ್ಪೊಂದನ್ನು ಅಂಗೈ ಮೇಲಿಟ್ಟು ತಟ್ಟಿದಳು.

"ಹೇಗಿದೆ, ಹೇಳೇ."

"ಸತ್ತಿದೆಯಲ್ಲಕ್ಕಾ," ಅಂದಳು ಪ್ಯಾಕಿಂಗ್‌ನವಳು, ತಗ್ಗಿದ ದನಿಯಲ್ಲಿ.

"ನನಗೆ ಹಾಡ್ತಿದೆ. ಮೂರು ವಾರದಿಂದ ಎಲ್ಲವೂ ಹಾಡ್ತಿವೆ." ಮೇಸ್ತ್ರಿಯತ್ತ ತಿರುಗಿದಳು. "ಅವಳ ತಪ್ಪೇನಿಲ್ಲ, ಅವಳನ್ನ ಬಿಟ್ಟುಬಿಡಪ್ಪಾ."

ಮೇಸ್ತ್ರಿ ಕತ್ತು ಕೆರೆದುಕೊಂಡ. "ಮೊದಲೇ ಹೇಳೋದಲ್ವಾ, ಅಕ್ಕಾ?"

"ಹೇಳಿದ್ರೆ ನನ್ನ ಹೆಸರೇ ಹೋಗ್ತಿತ್ತಲ್ಲೋ."

ಮೂರು ವಾರದ ಪೆಟ್ಟಿಗೆಗಳನ್ನು ಒಂದೊಂದಾಗಿ ಬಿಚ್ಚಬೇಕಾಯಿತು. ಕೋಲು ಪ್ಯಾಕಿಂಗ್‌ನವಳ ಕೈಗೆ ಹೋಯಿತು, ಕಾಗದದ ಕಟ್ಟು ಕಿವಿಯಕ್ಕನ ಮುಂದೆ ಬಂತು.

"ಅಕ್ಕಾ, ಇದು ಯಾಕೋ ಅನುಮಾನ," ಒಳಗಿಂದ ಕೂಗು.

"ಅನುಮಾನ ಬಂದ್ರೆ ಒಡಕೇ. ಆಚೆ ಇಡು."

ಅಷ್ಟನ್ನೇ ತಾನು ಮೂರು ವಾರ ಮಾಡಿರಲಿಲ್ಲ. ಅವಳು ಕಾಗದ ಎಳೆದು ಕಪ್ಪಿಗೆ ಸುತ್ತಿದಳು. ಕಾಗದ ಸರಬರ ಅನ್ನುವಷ್ಟು ಹೊತ್ತು ಗುಂಯ್ ಒಂದು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಿತ್ತು. ಕೈ ನಿಂತರೆ ಮತ್ತೆ ಹತ್ತಿರ ಬರುತ್ತಿತ್ತು. ಅವಳು ಇನ್ನೊಂದು ಕಾಗದ ಎಳೆದಳು.