ಫೋಟೋ ತೆಗೆಸಿದ ಕಿವಿ

ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ತೋಂಟದಾರ್ಯರ ಬಲಗಿವಿಗೆ ಇದ್ದ ಮರ್ಯಾದೆ ಅವರ ಮಿಕ್ಕ ಮೈಗೆ ಇರಲಿಲ್ಲ. ಅಟ್ಟದಲ್ಲಿ ವರ್ಷವಿಡೀ ಒಣಗಿದ ಕಾಯಿಯನ್ನು ರೈತರು ತಂದರೆ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವರು. ಒಳಗೆ ಕೊಬ್ಬರಿ ಚಿಪ್ಪು ಬಿಟ್ಟು ಉರುಳಾಡಿದರೆ ‘ಒಡೀರಿ’ ಅನ್ನುವರು. ಸದ್ದು ಬರದಿದ್ದರೆ ‘ಅಟ್ಟದಲ್ಲೇ ಇರ್ಲಿ’. ಆ ಮಾತಿಗೆ ಯಾರೂ ಎದುರಾಡುತ್ತಿರಲಿಲ್ಲ, ಹಸಿ ಕಾಯಿ ಒಡೆದರೆ ವರ್ಷದ ಫಸಲೇ ಹಾಳು.

ಎಂಬತ್ತೆರಡನೇ ಇಸವಿಯಲ್ಲಿ ಆ ಕಿವಿ ಕೈಕೊಟ್ಟಿತು. ಮೊದಲು ಒಳಗೊಂದು ಗಿರಣಿ ಓಡತೊಡಗಿತು, ಆಮೇಲೆ ನಿಂತ ನೆಲವೇ ತಿರುಗಿತು, ಕೊನೆಗೆ ಸದ್ದೆಲ್ಲ ಅಡಗಿತು. ಹುಟ್ಟಾ ಮಂದವಾಗಿದ್ದ ಎಡಗಿವಿ ಮಾತಿಗೆ ಸಾಲುತ್ತಿತ್ತು, ಕಾಯಿಗಲ್ಲ. ಹೆಂಡತಿ ಸುವರ್ಣಮ್ಮ ಬೆಂಗಳೂರಿಗೆ ಎಳೆದುಕೊಂಡು ಹೋದರು. ಅಲ್ಲಿ ತಲೆ ಅಲುಗದಂತೆ ಕಟ್ಟಿ, ಕಿವಿಯ ಒಳಮೂಳೆಯನ್ನು ಪದರ ಪದರವಾಗಿ ಎಕ್ಸ್‌ರೇ ತೆಗೆದರು.

“ಮೂಳೆ ಚೆನ್ನಾಗಿದೆ,” ಎಂದರು ಡಾಕ್ಟರು, ಫಿಲ್ಮನ್ನು ಬೆಳಕಿಗೆ ಹಿಡಿದು. “ಒಳಗಿವಿಯಲ್ಲಿ ನೀರು ಹೆಚ್ಚಾಗಿರಬೇಕು. ಅದು ಇದರಲ್ಲಿ ಕಾಣಲ್ಲ.”

ಒಳಗಿನ ನೀರು ಹೊರಗಿಂದ ಕಾಣದೆಂದು ತೋಂಟದಾರ್ಯರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕಾಯಿಯಾಗಿದ್ದರೆ ಅಟ್ಟಕ್ಕಾದರೂ ಹಾಕಬಹುದಿತ್ತು.

ಸುವರ್ಣಮ್ಮ ಡಾಕ್ಟರ ಮೊದಲ ಮಾತನ್ನಷ್ಟೇ ಊರಿಗೆ ತಂದರು. ಫಿಲ್ಮನ್ನು ಮಂಡಿಯ ಕಿಟಕಿಗೆ ಅಂಟಿಸಿ, “ನೋಡ್ಕಳಿ, ಒಂದು ಬಿರುಕಿಲ್ಲ,” ಎಂದರು. ರೈತರು ಬಂದು ಬಂದು ನೋಡಿ ತಲೆದೂಗಿದರು. ತೋಂಟದಾರ್ಯರೂ ಸುಮ್ಮನಿದ್ದರು. ಕೂತ ಗಾದಿ ಬಿಟ್ಟೇಳಲು ಯಾರಿಗೆ ತಾನೇ ಮನಸ್ಸು ಬರುತ್ತದೆ? ಅಂದಾಜಿನ ಮೇಲೇ ಕಾಲ ತಳ್ಳಿದರು.

ಒಂದು ದಿನ ಕಂದಿಕೆರೆಯ ಮಾಯಣ್ಣ ಮಾದರಿಗೆಂದು ಒಂದು ಚೀಲ ಕಾಯಿ ತಂದ. ಕಾಯಿಯ ಭಾರಕ್ಕೆ ಅವನ ಅಟ್ಟದ ತೊಲೆ ಸೀಳುಬಿಟ್ಟಿತ್ತು. ಅದರ ಕೆಳಗೇ ಮಲಗುವ ತಾಯಿ ಅಂಕಮ್ಮ ಬೇರೆ ಕಡೆ ಮಲಗಲು ಸುತರಾಂ ಒಪ್ಪಳು.

“ಒಡೀಬೋದಾ ಹೇಳಿ ಸಾವ್ಕಾರ್ರೇ. ತೊಲೆ ತಡಿಯಾಕಿಲ್ಲ.”

ತೋಂಟದಾರ್ಯರು ಅಲ್ಲಾಡಿಸಿದರು. ಏನೂ ಇಲ್ಲ. ತೊಲೆಯ ಕೆಳಗಿನ ಮುದುಕಿ ಕಣ್ಣಿಗೆ ಬಂದು ನಾಚಿಕೆಯೂ ಭಯವೂ ಒಟ್ಟಿಗೇ ಆಯಿತು.

“ನಂಗೆ ಕೇಳ್ಸಾಕಿಲ್ಲ ಕಣಪ್ಪ. ಈ ಕಿವಿ ಕಿವುಡಾಗಿ ಬಾಳ ದಿನ ಆಯ್ತು. ನೀನೇ ಅಲ್ಲಾಡ್ಸಿ ನೋಡು.”

ಮಾಯಣ್ಣ ಕಿಟಕಿಯ ಕಡೆ ನೋಡಿ ನಕ್ಕ. “ತಮಾಸೆ ಬುಡಿ.” ಆದರೂ ಕಾಯಿ ಇಸಕೊಂಡು ತನ್ನ ಕಿವಿಗೆ ಹಿಡಿದ. ಇನ್ನೊಂದು ತೆಗೆದ. ಹುಬ್ಬು ಮೇಲೇರಿತು, ಆಮೇಲೆ ಮುಖ ಸಪ್ಪೆಯಾಯಿತು.

“ನಂಗೇನೋ ಗಡಗಡ ಅಂತ ಕೇಳ್ತೈತೆ,” ಅಂದ. “ಆದ್ರೆ ನಂದೇನು ಫೋಟೋ ತೆಗ್ಸಿದ ಕಿವಿಯಾ? ಇನ್ನೆರಡು ತಿಂಗಳು ಅಟ್ಟದಲ್ಲೇ ಇರ್ಲಿ.”

ಚೀಲ ಹೆಗಲಿಗೇರಿಸಿ ಹೊರಟೇಬಿಟ್ಟ. ತಡೆಯಲೆಂದು ತೋಂಟದಾರ್ಯರು ದಡಕ್ಕನೆ ಎದ್ದರು. ನೆಲ ತಿರುಗಿತು. ಆಸರೆಗೆ ಕಿಟಕಿಗೆ ಕೈಹಾಕಿ, ಫಿಲ್ಮನ್ನೂ ಕಿತ್ತುಕೊಂಡು ಬಿದ್ದರು.

ಸುವರ್ಣಮ್ಮ ಒಳಗಿಂದ ಓಡಿಬಂದು ಮೊದಲು ಫಿಲ್ಮನ್ನು ಎತ್ತಿ, ಸೆರಗಿನಿಂದ ಒರೆಸಿ, ಬೆಳಕಿಗೆ ಹಿಡಿದು ನೋಡಿದರು.

“ಸದ್ಯ, ಏನೂ ಆಗಿಲ್ಲ,” ಅಂದರು.