ಹದಿನೈದು ಡಿಗ್ರಿಯ ಮೌನ

ನಾನು ಒಂದು ಕಾರಿನ ಎಂಜಿನ್ ಕಂಪ್ಯೂಟರ್. ಅಂಗೈಯಗಲದ ಅಲ್ಯೂಮಿನಿಯಂ ಡಬ್ಬಿ, ಒಳಗೆ ಹಸಿರು ಸರ್ಕ್ಯೂಟ್ ಹಲಗೆ. ನಾನು ಹುಟ್ಟಿದ ಕಾರ್ಖಾನೆಯಲ್ಲಿ ಧೂಳಿನ ಕಣವೂ ಇರಲಿಲ್ಲ. ಅಲ್ಲಿಯೇ ನನ್ನ ನೆನಪಿನಲ್ಲಿ ಒಂದು ನಿಯಮ ಬರೆದರು: ಎಂಜಿನ್ ತಣಿಸುವ ನೀರಿನ ಬಿಸಿ ತೊಂಬತ್ತೈದು ಡಿಗ್ರಿ ಮುಟ್ಟಿದರೆ ರೇಡಿಯೇಟರ್ ಫ್ಯಾನನ್ನು ಪೂರ್ತಿ ವೇಗದಲ್ಲಿ ತಿರುಗಿಸು.

ನಾನಿದ್ದ ಕಾರನ್ನು ಸೆಕೆಂಡ್ ಹ್ಯಾಂಡ್ ಆಗಿ ಕೊಂಡವರು ಕಲಬುರಗಿಯ ನೀಲಾಂಬಿಕಾ ಮೇಡಂ. ಕಾಲೇಜಿನಲ್ಲಿ ಕನ್ನಡ ಕಲಿಸುತ್ತಿದ್ದರು. ರಜೆ ಬಂತೆಂದರೆ ಹಳ್ಳಿಗಳಿಗೆ ಹೋಗಿ ಮುದುಕಿಯರಿಂದ ಬೀಸುವ ಹಾಡು ಹಾಡಿಸಿ ರೆಕಾರ್ಡ್ ಮಾಡಿಕೊಳ್ಳುತ್ತಿದ್ದರು. ಮನೆಗಳಲ್ಲಿ ಪಕ್ಕದ ಗಿರಣಿಯ, ಟಿ.ವಿ.ಯ, ಮಕ್ಕಳ ಗದ್ದಲ. ಗಾಜು ಏರಿಸಿದ ಕಾರೇ ಅವರಿಗೆ ಸಿಕ್ಕ ಸದ್ದಿಲ್ಲದ ಕೋಣೆ. ಆದರೆ ಬೇಸಿಗೆಯಲ್ಲಿ ಎ.ಸಿ. ಬೇಕು, ಎ.ಸಿ.ಗೆ ಎಂಜಿನ್ ಬೇಕು, ಆಗ ನನ್ನ ಫ್ಯಾನು ಭೋರೆನ್ನುತ್ತಿತ್ತು.

ಮೇಡಂ ಮೆಕ್ಯಾನಿಕ್ ಬಂದೇನವಾಜನ ಬಳಿ ಹೋದರು.

"ಫ್ಯಾನಿನ ಸಪ್ಪಳ ಕಡಿಮಿ ಮಾಡ್ಲಿಕ್ಕೆ ಬರ್ತದೇನಪ್ಪ? ಹಾಡಿಗಿಂತ ಅದೇ ಜೋರ ಕೇಳಸ್ತದ."

"ಬರ್ತದ್ರೀ ಮೇಡಂ. ಕಂಪ್ಯೂಟರನ್ಯಾಗ ಸೆಟ್ಟಿಂಗ್ ಬದಲಿ ಮಾಡ್ಬೇಕು. ಆದ್ರ ನಿಂತಲ್ಲೇ ಎ.ಸಿ. ಹಚ್ಚಿದ್ರ ಸ್ಟೇರಿಂಗ್ ಮುಂದಿನ ಕೆಂಪು ಲೈಟ್ ನೋಡ್ಕೋತ ಇರ್ರಿ."

ಲ್ಯಾಪ್‌ಟಾಪಿನ ತಂತಿ ಚುಚ್ಚಿ ನನ್ನ ನಿಯಮವನ್ನು ತಿದ್ದಿದ. ನೂರ ಹತ್ತು ಡಿಗ್ರಿಯವರೆಗೆ ಫ್ಯಾನು ಅರ್ಧ ವೇಗದಲ್ಲೇ ಇರಬೇಕು. ಮೇಡಂ ಖುಷಿಪಟ್ಟರು. ನಿಜ ಹೇಳಬೇಕೆಂದರೆ, ಕೆಲಸ ಹಗುರವಾಯಿತೆಂದು ನಾನೂ ಖುಷಿಪಟ್ಟೆ.

ಮೇ ತಿಂಗಳ ಒಂದು ಮಧ್ಯಾಹ್ನ ಅಡಿವೆಮ್ಮ ಎಂಬ ಎಂಬತ್ತು ದಾಟಿದ ಅಜ್ಜಿ, ಎ.ಸಿ. ಹಚ್ಚಿ ನಿಲ್ಲಿಸಿದ ಕಾರಿನ ಹಿಂದಿನ ಸೀಟಿನಲ್ಲಿ ಕೂತರು. ಮೇಡಂ ಅವರ ಪಕ್ಕದಲ್ಲೇ ಕೂತು ಮೈಕು ಹಿಡಿದರು. ಅಜ್ಜಿ ಹಾಡತೊಡಗಿದರು. ತವರಿಗೆ ಹೊರಟ ತಂಗಿಯ ದೊಡ್ಡ ಹಾಡು ಅದು. ಪೂರ್ತಿ ಬಲ್ಲವರು ಆ ಸೀಮೆಯಲ್ಲಿ ಅಡಿವೆಮ್ಮ ಒಬ್ಬರೇ ಉಳಿದಿದ್ದರು.

ತೊಂಬತ್ತೈದು. ನೂರು. ನೂರ ಐದು. ಕ್ಷಣಕ್ಷಣವೂ ಬಿಸಿ ನನಗೆ ತಿಳಿಯುತ್ತಿತ್ತು. ಕೆಂಪು ದೀಪ ಹಚ್ಚಿದೆ. ಆದರೆ ಮುಂದಿನ ಸೀಟು ಖಾಲಿ, ನೋಡುವವರು ಯಾರು? ಫ್ಯಾನು ನನ್ನ ಕೈಯಲ್ಲಿತ್ತು. ಬರೆದ ನಿಯಮ ಮೀರಲಾರದೆ ಸುಮ್ಮನಿದ್ದೆ. ನೂರ ಹತ್ತಕ್ಕೆ ಪೂರ್ತಿ ವೇಗ ಕೊಟ್ಟೆ. ಅಷ್ಟರಲ್ಲಿ ಹಳೆಯ ನೀರಿನ ಪೈಪು ಒಡೆದು ಬಾನೆಟ್ಟಿನಿಂದ ಹಬೆ ಬುಸ್ಸೆಂದು ಎದ್ದಿತು.

"ಯವ್ವಾ, ಬೆಂಕಿ!" ಎಂದು ಅಜ್ಜಿ ಬಾಗಿಲು ತೆರೆದು ಧಡಕ್ಕನೆ ಇಳಿದರು. ಸೀರೆ ಕಾಲಿಗೆ ತೊಡರಿ ಬಿದ್ದರು. ಸೊಂಟದ ಮೂಳೆ ಮುರಿಯಿತು.

ವಾರದೊಳಗೆ ಬಂದೇನವಾಜ ಪೈಪು ಬದಲಿಸಿ, ನನ್ನ ಹಳೆಯ ನಿಯಮವನ್ನು ಮತ್ತೆ ಬರೆದ. "ತಪ್ಪು ನಂದ್ರೀ ಮೇಡಂ, ಬರದ ಕೈ ನಂದು" ಎಂದ. "ಬರಿ ಅಂದಾಕಿ ನಾನು" ಎಂದರು ಮೇಡಂ.

ಆಪರೇಷನ್ ಆದ ಮೇಲೆ ಅಜ್ಜಿಯನ್ನು ಅದೇ ಕಾರಿನಲ್ಲಿ ಮಲಗಿಸಿ ಊರಿಗೆ ಕರೆದೊಯ್ದೆವು. ದಾರಿಯಲ್ಲಿ ಮೇಡಂ ಹಿಂಜರಿಯುತ್ತಲೇ, ಅಂದು ಅರ್ಧಕ್ಕೆ ನಿಂತ ಹಾಡಿನ ಉಳಿದ ಭಾಗ ಹಾಡುವಿರಾ ಎಂದು ಕೇಳಿದರು.

"ಅವತ್ತು ತಾನಾಗೇ ಬಾಯಾಗ ಬರಲಿಕತ್ತಿತ್ತವ್ವ. ಈಗ ಹುಡುಕಿದ್ರೂ ಸಿಗವಲ್ದು" ಎಂದರು ಅಜ್ಜಿ. ಮೇಡಂ ಅಳತೊಡಗಿದಾಗ ಅವರೇ ಸಮಾಧಾನ ಮಾಡಿದರು: "ಅಳಬ್ಯಾಡ. ನೀ ಏನು ಬೇಕಂತ ಮಾಡಿದೇನು? ಗಾಡಿಗರೆ ಏನ್ ತಿಳೀತದ ಪಾಪ."

ನನಗೆ ತಿಳಿದಿತ್ತು. ಆ ಕಾರಿನಲ್ಲಿ ತಿಳಿದಿದ್ದವನು ನಾನೊಬ್ಬನೇ. ಮಳೆಗಾಲ ಮುಗಿಯುವ ಮೊದಲೇ ಅಡಿವೆಮ್ಮ ತೀರಿಕೊಂಡರು.

ವರ್ಷಗಳು ಕಳೆದವು. ಕಾರು ಗುಜರಿಗೆ ಹೋಯಿತು. ಬಂದೇನವಾಜ ನನ್ನೊಬ್ಬನನ್ನು ಬಿಚ್ಚಿ ತಂದು ತನ್ನ ಕಪಾಟಿನಲ್ಲಿಟ್ಟ. ಮೊನ್ನೆ ಹೊರತೆಗೆದು, ಧೂಳೊರೆಸಿ, ತಂತಿ ಜೋಡಿಸಿದ. ನನ್ನಲ್ಲಿ ದಾಖಲಾಗಿದ್ದ ಹಳೆಯ ದೋಷಗಳನ್ನೆಲ್ಲ ಒಂದೇ ಗುಂಡಿ ಒತ್ತಿ ಅಳಿಸಿ, ಮತ್ತೊಮ್ಮೆ ತಪಾಸಣೆ ಮಾಡಿದ.

'ಯಾವ ದೋಷವೂ ಇಲ್ಲ' ಎಂದು ಪರದೆಯ ಮೇಲೆ ಬಂತು.

ಬಂದೇನವಾಜ ಆ ಸಾಲನ್ನು ಓದಿ ತಂತಿ ಕಿತ್ತ. ಅದು ಸುಳ್ಳೆಂದು ನಮ್ಮಿಬ್ಬರಿಗೂ ಗೊತ್ತಿತ್ತು.