ಸದ್ದಿಲ್ಲದ ಯಂತ್ರ

"ಇನ್ನೊಂದ್ಸಲ ಆನ್ ಮಾಡಪ್ಪ," ಎನ್ನುತ್ತ ದಾಕ್ಷಾಯಣಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮುಚ್ಚಳ ತೆಗೆದಿಟ್ಟ ಕ್ಯಾಬಿನೆಟ್ಟಿಗೆ ಕಿವಿಯಿಟ್ಟಳು. ಒಳಗಿನ ಫ್ಯಾನು ಗೊರ್ರೆಂದಿತು. "ಊಹೂಂ, ಇದಾಗಲ್ಲ. ಗೋಡೆಯಾಚೆಗೂ ಕೇಳುತ್ತೆ."

ವಿನೋಬನಗರದ ಆ ಪುಟ್ಟ ಅಂಗಡಿಯಲ್ಲಿ ಕಂಪ್ಯೂಟರ್ ಜೋಡಿಸಿಕೊಡುವ ಅಭಯ ನಕ್ಕುಬಿಟ್ಟ. "ಎಲ್ರೂ ಸ್ಪೀಡ್ ಎಷ್ಟು ಅಂತ ಕೇಳ್ತಾರೆ. ನೀವೇನಮ್ಮಾ, ಗೇಮ್ ಆಡೋ ಮಿಷನ್ ತಗೊಳ್ತಿದ್ದೀರೋ, ತೊಟ್ಟಿಲು ತಗೊಳ್ತಿದ್ದೀರೋ?"

"ಇವ್ರಪ್ಪ ಫ್ಯಾಕ್ಟ್ರೀಲಿ ನೈಟ್ ಶಿಫ್ಟು. ಹಗಲು ಮಲಗ್ತಾರೆ." ಪಕ್ಕದಲ್ಲಿದ್ದ ಮಗ ಮಲ್ಲಿಕ್‌ನತ್ತ ಕೈ ತೋರಿ ಅಷ್ಟೇ ಹೇಳಿದಳು.

ನ್ಯೂ ಟೌನಿನ ಅವರ ಕ್ವಾರ್ಟರ್ಸಿನಲ್ಲಿ ಗಂಡ ಷಣ್ಮುಖಪ್ಪ ಏಳುವ ತನಕ ಕುಕ್ಕರ್ ಕೂಗುವಂತಿರಲಿಲ್ಲ. ಬಾಗಿಲ ಚಿಲಕಕ್ಕೆ ಬಟ್ಟೆ ಸುತ್ತಿತ್ತು. ಹೋದ ವರ್ಷ ಮಲ್ಲಿಕ್ ಕ್ರಿಕೆಟ್ ಕಾಮೆಂಟರಿ ಕೇಳುತ್ತಿದ್ದಾಗ ರೇಡಿಯೊ ಅಂಗಳಕ್ಕೆ ಹಾರಿತ್ತು, ಆಮೇಲೆ ಅಪ್ಪನ ಸೊಂಟದ ಬೆಲ್ಟು ಬಿಚ್ಚಿಕೊಂಡಿತ್ತು. ಆಗಲೂ ಹುಡುಗ ಸದ್ದು ಮಾಡಿರಲಿಲ್ಲ.

ಅಂದಿನಿಂದ ಅವನು ಮನೆಯಲ್ಲಿ ನಿಲ್ಲುತ್ತಿರಲಿಲ್ಲ. ಡಿಪ್ಲೊಮಾ ಕ್ಲಾಸು ಮುಗಿದರೆ ಸೈಬರ್ ಕೆಫೆ, ಅಲ್ಲಿ ಯಾರ್‍ಯಾರದೋ ಜೊತೆ ಗೇಮು. ಅಪ್ಪ ಶಿಫ್ಟಿಗೆ ಹೊರಟ ಮೇಲೇ ಮನೆ. ಒಂದು ದಿನ ಆಗಲೂ ಬರದೇ ಹೋದರೆ? ಅದಕ್ಕೇ ಮನೆಗೊಂದು ಕಂಪ್ಯೂಟರ್ ತರುವ ಯೋಚನೆ ಮಾಡಿದ್ದಳು. ಹೆದರಿ ಹೆದರಿ ಕೇಳಿದ್ದಕ್ಕೆ ಗಂಡ, "ತಂದಿಟ್ಕೊಳ್ಲಿ. ನನ್ ಕಿವಿಗೆ ಬೀಳಬಾರ್ದು," ಎಂದಿದ್ದ.

ಅಭಯ ಒಂದು ಗ್ರಾಫಿಕ್ಸ್ ಕಾರ್ಡ್ ಎತ್ತಿ ಹಿಡಿದ. "ಇದು ನೋಡು ಮಲ್ಲಿಕ್. ಗೇಮು ನೀರು ಹರಿದಂಗೆ ಹರಿಯುತ್ತೆ."

ಮಲ್ಲಿಕ್ ಅದರ ಮೇಲಿದ್ದ ಪುಟ್ಟ ಫ್ಯಾನನ್ನು ಬೆರಳಿನಿಂದ ತಿರುಗಿಸಿದ. "ಫ್ಯಾನ್ ಇಲ್ಲದ್ದು ಇದ್ಯಾ?"

"ಇದೆ. ಗೇಮು ಕುಂಟುತ್ತೆ ಮಾರಾಯ."

"ಕುಂಟ್ಲಿ." ಅಭಯ ಫ್ಯಾನಿಲ್ಲದ ಕಾರ್ಡು ಹಾಕಿ, ಕ್ಯಾಬಿನೆಟ್ಟಿನ ಫ್ಯಾನನ್ನೂ ಸದ್ದಿಲ್ಲದ್ದಕ್ಕೆ ಬದಲಿಸಿದ.

ದಾಕ್ಷಾಯಣಮ್ಮ ಕೀಬೋರ್ಡುಗಳನ್ನು ಬದನೆಕಾಯಿ ಆರಿಸಿದಂತೆ ಒತ್ತಿ ಒತ್ತಿ ನೋಡಿ, ಟಕಟಕ ಎನ್ನದ್ದೊಂದನ್ನು ಆರಿಸಿದಳು. ಮನೆಯಲ್ಲಿ ಎಲ್ಲಿಡುವುದೆಂದೂ ಯೋಚಿಸಿದ್ದಳು: ನಡುಮನೆಯಲ್ಲಿ ಪ್ಲಗ್ಗಿದ್ದದ್ದು ಒಂದೇ ಮೂಲೆಯಲ್ಲಿ. ಅಲ್ಲಿ ಕೂತರೆ ಮಗನ ಬೆನ್ನು ಅಪ್ಪ ಮಲಗುವ ಕೋಣೆಯ ಬಾಗಿಲಿಗೆ. ಇರಲಿ, ಮಗ ಕಣ್ಣೆದುರಿಗಿರುತ್ತಾನೆ.

"ಸ್ಪೀಕರ್?" ಎಂದ ಅಭಯ.

"ಬೇಡ!" ತಾಯಿ ಮಗ ಒಟ್ಟಿಗೇ ಎಂದರು.

"ಹಂಗಾದ್ರೆ ಇದು." ದಪ್ಪ ಮೆತ್ತೆಯ ಹೆಡ್‌ಫೋನನ್ನು ಮಲ್ಲಿಕ್‌ನ ತಲೆಗೇರಿಸಿ ಅಭಯ ಗೇಮ್ ಹಾಕಿದ. "ಪಕ್ಕದಲ್ಲಿ ಪಟಾಕಿ ಹೊಡೆದ್ರೂ ಕೇಳಲ್ಲ."

ಪರದೆಯ ಮೇಲೆ ಬಂದೂಕು ಹಿಡಿದವರು ಕುಂಟುತ್ತಲೇ ಓಡಿದರು. ಮಲ್ಲಿಕ್‌ನ ತುಟಿ ಅರಳಿತು. ಎಷ್ಟು ದಿನವಾಗಿತ್ತು ಈ ಮುಖ ನೋಡಿ! "ಮಲ್ಲೀ," ಎಂದಳು ಅವನ ಹಿಂದೆ ನಿಂತು. ಕೇಳಿಸಲಿಲ್ಲ. ಇನ್ನೂ ಜೋರಾಗಿ ಕರೆದಳು. ಕೇಳಿಸಲಿಲ್ಲ. ಮೆಲ್ಲಗೆ ಹೆಗಲ ಮೇಲೆ ಕೈಯಿಟ್ಟಳು.

ಕುರ್ಚಿ ದಢಾರನೆ ಬಿತ್ತು. ಮಲ್ಲಿಕ್ ನೆಲದಲ್ಲಿ ಮುದುರಿ ಕೂತು, ಎರಡೂ ಮೊಣಕೈಗಳಿಂದ ತಲೆ ಮುಚ್ಚಿಕೊಂಡಿದ್ದ.

"ಅಯ್ಯೋ, ನಿಮ್ಮಮ್ಮ ಕಣೋ!" ಎಂದು ನಕ್ಕ ಅಭಯ, ಹುಡುಗ ಕೈ ಇಳಿಸದ್ದನ್ನು ಕಂಡು ನಗು ನಿಲ್ಲಿಸಿದ.

ಕೊನೆಗೆ ಮಲ್ಲಿಕ್ ಎದ್ದ. ಹೆಡ್‌ಫೋನ್ ಬಿಚ್ಚಿ ಮೇಜಿನ ಮೇಲಿಟ್ಟ. ಬಿದ್ದ ಕುರ್ಚಿಯನ್ನು ನೆಲಕ್ಕೆ ತಾಗಿದ ಸದ್ದೂ ಬಾರದಂತೆ ಎತ್ತಿ ನಿಲ್ಲಿಸಿದ.

"ಇದು ನನ್ ಕಡೆಯಿಂದ ಫ್ರೀ ಕಣೋ, ತಗೋ," ಎಂದ ಅಭಯ, ದನಿ ತಗ್ಗಿಸಿ.

"ಬೇಡ. ಹಿಂದಿಂದ ಯಾರ್ ಬಂದ್ರೂ ಗೊತ್ತಾಗಲ್ಲ."

"ಹೋಗ್ಲಿ, ಇದು ಬಿಡು," ಎಂದಳು ದಾಕ್ಷಾಯಣಮ್ಮ. ಅವಳ ಕೈ ಇನ್ನೂ ಗಾಳಿಯಲ್ಲೇ ಇತ್ತು. "ಕಂಪ್ಯೂಟರ್ ಒಂದೇ ಒಯ್ಯೋಣ. ಮನೇಲಿರ್ತೀಯಲ್ಲ, ಮಲ್ಲೀ?"

ಮೇಜಿನ ಮೇಲೆ ಯಂತ್ರ ಓಡುತ್ತಲೇ ಇತ್ತು. ಹಸಿರು ದೀಪವೊಂದಿಲ್ಲದಿದ್ದರೆ ಓಡುತ್ತಿದೆಯೆಂದು ಗೊತ್ತಾಗುತ್ತಿರಲಿಲ್ಲ.

"ಬೇಡಮ್ಮ," ಎಂದ ಮಲ್ಲಿಕ್. "ಇದೂ ಬೇಡ."